ಕೊಟ್ಟಿಗೆ ಮೂಲೆಯಲ್ಲಿ ಹಳೇ ಜಾವಾ ಬೈಕ್ ಸಿಕ್ಕಿದೆಯಾ? ಕಿಕ್ ಹೊಡೆಯುವ ಮೊದಲು ಇದನ್ನು ಓದಿ

ಮೊದಲ ಮಾತು ಇಷ್ಟೇ. ಕಿಕ್ ಹೊಡೆಯಬೇಡಿ.

ಹಳೇ ಗಾಡಿ ಕಣ್ಣಿಗೆ ಬಿದ್ದ ತಕ್ಷಣ ಎಲ್ಲರೂ ಮಾಡುವುದು ಅದನ್ನೇ. ಸೀಟಿನ ಧೂಳು ಒರೆಸುತ್ತಾರೆ, ಗೇರ್ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುತ್ತಾರೆ, ಮೈಭಾರವನ್ನೆಲ್ಲ ಹಾಕಿ ತುಳಿಯುತ್ತಾರೆ. ಹದಿನೈದು ಇಪ್ಪತ್ತು ವರ್ಷ ನಿಂತಿದ್ದ ಎಂಜಿನ್ ಒಳಗೆ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ. ಜೋರಾಗಿ ತುಳಿದರೆ ರಿಂಗ್ ಮುರಿಯುತ್ತದೆ, ಇಲ್ಲದಿದ್ದರೆ ಕಿಕ್ ಒಳಗಿನ ಹಲ್ಲು ಹೋಗುತ್ತದೆ. ಉಳಿಸಬಹುದಾಗಿದ್ದ ಎಂಜಿನ್ ಹೀಗೆ ಐದು ನಿಮಿಷದಲ್ಲಿ ಹಾಳಾಗುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಬಗ್ಗೆ. 1961ರಿಂದ ಜಾವಾ ಅನ್ನೋ ಹೆಸರಿನಲ್ಲಿ, 1973ರ ಆಸುಪಾಸಿನಿಂದ ಯೆಜ್ಡಿ ಅನ್ನೋ ಹೆಸರಿನಲ್ಲಿ, 1996ರಲ್ಲಿ ಬಾಗಿಲು ಮುಚ್ಚುವ ತನಕ ಬಂದ ಗಾಡಿಗಳು. ಅದರಲ್ಲೂ ಒಂದು ಸಿಲಿಂಡರ್, ಎರಡು ಸೈಲೆನ್ಸರಿನ 250 ಸಿಸಿ ಟೂ ಸ್ಟ್ರೋಕ್. 2018ರಲ್ಲಿ ಬಂದ ಹೊಸ ಜಾವಾ, 2022ರ ಹೊಸ ಯೆಜ್ಡಿ ಬೇರೆಯದೇ ಗಾಡಿಗಳು. ಅವು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ ಸಾಮಾನು ಇದಕ್ಕೆ ಬರುವುದಿಲ್ಲ, ಆದ್ದರಿಂದ ಶೋರೂಮಿಗೆ ಹೋಗಿ ಕೇಳುವ ಕೆಲಸ ಬೇಡ.

ಗಾಡಿಗೆ ಕೈ ಹಾಕುವ ಮೊದಲು ಕಾಗದ ನೋಡಿ. ಇದು ಬೇಜಾರಿನ ಕೆಲಸ, ಗೊತ್ತು. ಆದರೆ ಆರ್‌ಸಿ ಇಲ್ಲದ ಗಾಡಿಗೆ ದುಡ್ಡು ಸುರಿದು ಆಮೇಲೆ ಅಂಗಳದಲ್ಲೇ ಸುತ್ತು ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ನಂಬರ್ ಎಂವೈ ಅಥವಾ ಸಿಎ ಅಂತ ಶುರುವಾಗಿದ್ದರೆ ಅದು ಕೆಎ ಬರುವುದಕ್ಕಿಂತ ಹಿಂದಿನ ನೋಂದಣಿ. ಅಂಥ ಎಷ್ಟೋ ಗಾಡಿಗಳ ವಿವರ ಆರ್‌ಟಿಒ ದಪ್ಪ ರಿಜಿಸ್ಟರಿನಲ್ಲೇ ಉಳಿದಿರುತ್ತದೆ, ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಆಗ ನೋಂದಣಿಯಾದ ಆರ್‌ಟಿಒಗೇ ಹೋಗಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ವಿವರವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ ಇಟ್ಟು ಫಾರಂ 26, ಹೆಸರು ಬದಲಿಸಲು 29 ಮತ್ತು 30, ಅವಧಿ ಮುಗಿದಿದ್ದರೆ ನವೀಕರಣಕ್ಕೆ 25. ಚಾಸಿಸ್ ನಂಬರಿನ ಮೇಲೆ ಬಣ್ಣ, ತುಕ್ಕು ಕೂತಿದ್ದರೆ ಥಿನ್ನರ್ ಹಚ್ಚಿ ಮೆಲ್ಲಗೆ ಒರೆಸಿ. ಗ್ರೈಂಡರ್ ಮಾತ್ರ ಹಿಡಿಯಬೇಡಿ, ಅಂಕೆ ಅಳಿಸಿದರೆ ಪೆನ್ಸಿಲ್ ಪ್ರಿಂಟ್ (ಅಂಕೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು) ಬರುವುದಿಲ್ಲ, ಗಾಡಿ ಕದ್ದದ್ದು ಅಂತಲೇ ಅನುಮಾನ ಬರುತ್ತದೆ.

ಇನ್ನೊಂದು ಸಣ್ಣ ತೊಡಕು ಇದೆ. ಆರ್‌ಸಿ ಮೇಲೆ ಬ್ಯಾಂಕ್ ಸಾಲದ ಮೊಹರು ಹಾಗೇ ಉಳಿದಿರಬಹುದು, ಸಾಲ ಎಂದೋ ತೀರಿದ್ದರೂ. ಆ ಬ್ಯಾಂಕೇ ಈಗ ಇಲ್ಲದಿದ್ದರೆ ಅದು ಸೇರಿಕೊಂಡ ಬ್ಯಾಂಕಿಗೆ ಹೋಗಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಗಿದ್ದರೆ ಎಸ್‌ಬಿಐ, ವಿಜಯಾ ಬ್ಯಾಂಕ್ ಆಗಿದ್ದರೆ ಬ್ಯಾಂಕ್ ಆಫ್ ಬರೋಡಾ. 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಗಳಿಗೆ ವಿಂಟೇಜ್ ನೋಂದಣಿ ಅಂತಲೇ ಬೇರೆ ದಾರಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ವಿಎ ಅಕ್ಷರ ಇರುವ ನಂಬರ್. ಆದರೆ ಆ ನಂಬರ್ ತೆಗೆದುಕೊಂಡರೆ ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ಓಡಿಸುವ ಆಸೆ ಇದ್ದರೆ ಹಳೇ ಆರ್‌ಸಿಯನ್ನೇ ಜೀವಂತ ಮಾಡಿಸಿಕೊಳ್ಳುವುದು ವಾಸಿ ಅಂತ ನನ್ನ ಅಭಿಪ್ರಾಯ.

ಕಾಗದ ಸರಿ ಇದೆ ಅಂದುಕೊಳ್ಳೋಣ. ಈಗ ಗಾಡಿ ಹತ್ತಿರ ಹೋಗಿ, ಆದರೆ ಟೂಲ್ ಬಾಕ್ಸ್, ಸೀಟಿನ ಅಡಿ, ಏರ್ ಫಿಲ್ಟರ್ ಡಬ್ಬಿಗೆ ನೇರವಾಗಿ ಕೈ ಹಾಕಬೇಡಿ. ಇಲಿ ಗೂಡು ಇದ್ದೇ ಇರುತ್ತದೆ, ಇಲಿ ಇದ್ದ ಕಡೆ ಹಾವೂ ಇರಬಹುದು. ಸೈಲೆನ್ಸರ್ ತುದಿಯಲ್ಲಿ ಕಣಜ ಮಣ್ಣು ಮೆತ್ತಿರುತ್ತದೆ. ಕೋಲಿನಲ್ಲಿ ತಟ್ಟಿ, ಆಮೇಲೆ ನೋಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಬೇಕು ಅನ್ನಿಸಿದ್ದಕ್ಕಿಂತ ಜಾಸ್ತಿಯೇ ತೆಗೆಯಿರಿ. ಕೇಬಲ್ ಯಾವ ಕಡೆಯಿಂದ ಹೋಗಿದೆ, ಯಾವ ವಾಷರ್ ಎಲ್ಲಿ ಕೂತಿದೆ ಅನ್ನೋದು ಎರಡು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ. ಬಿಚ್ಚಿದ ನಟ್ಟು ಬೋಲ್ಟನ್ನು ಸಣ್ಣ ಕವರಿಗೆ ಹಾಕಿ ಹೆಸರು ಬರೆದಿಡಿ. ಒಂದು ಅನುಕೂಲ ಇದೆ, ಜಾವಾದ ಥ್ರೆಡ್ ಎಲ್ಲ ಮಿಲಿಮೀಟರ್ ಅಳತೆಯದ್ದು, ಮನೆಯಲ್ಲಿರುವ ಸ್ಪ್ಯಾನರ್ ಸೆಟ್ಟೇ ಸಾಕು. ಅದೇ ಕಾಲದ ಹಳೇ ಬುಲೆಟ್ ಬಿಚ್ಚುವವರಿಗೆ ಈ ಭಾಗ್ಯ ಇಲ್ಲ.

ತುಕ್ಕು ಹಿಡಿದ ನಟ್ಟಿಗೆ ಆತುರ ಬೇಡ. ಅಸಿಟೋನ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಸಮಸಮ ಬೆರೆಸಿ ದಿನಾ ಎರಡು ಹನಿ ಬಿಡಿ, ನಾಲ್ಕು ದಿನ ಬಿಟ್ಟು ಬಿಚ್ಚಿ. ಹಚ್ಚುವ ಮೊದಲು ಪ್ರತಿ ಸಲ ಬಾಟಲಿ ಕುಲುಕಬೇಕು, ಎರಡೂ ಬೇರೆಯಾಗಿ ಕೂರುತ್ತವೆ. ಇದು ಬೇಗ ಹತ್ತಿಕೊಳ್ಳುವ ವಸ್ತು, ಹತ್ತಿರ ಬೀಡಿ ಬೆಂಕಿ ಸುಳಿಯಬಾರದು. ಸೈಲೆನ್ಸರ್ ಬೆಂಡನ್ನು ಸಿಲಿಂಡರಿಗೆ ಹಿಡಿದಿರುವ ದೊಡ್ಡ ರಿಂಗ್ ನಟ್ ಇದೆಯಲ್ಲ, ಅದನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು ನಮ್ಮ ಮೆಕ್ಯಾನಿಕ್‌ಗಳ ಹಳೇ ಚಟ. ಅದಕ್ಕೆ ಕೊಕ್ಕೆ ಸ್ಪ್ಯಾನರ್ ಸಿಗುತ್ತದೆ, ಅದನ್ನೇ ಬಳಸಿ. ಸಿಲಿಂಡರ್ ಕಡೆಯ ಥ್ರೆಡ್ ಹೋದರೆ ಸರಿಪಡಿಸುವುದು ದೊಡ್ಡ ತಲೆನೋವು.

ಈಗ ಜಾಮ್ ಆದ ಎಂಜಿನ್. ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ಪಿಸ್ಟನ್ ಎಲ್ಲಿ ನಿಂತಿದೆ ನೋಡಿ. ಮೇಲಿದ್ದರೆ ಅದೃಷ್ಟ. ಅದೇ ಮಿಶ್ರಣವನ್ನು ಪ್ಲಗ್ ತೂತಿನಿಂದ ಸುರಿದು ಬಿಟ್ಟರೆ ಅಲ್ಲೇ ನಿಂತು ರಿಂಗಿನ ಸಂದಿಗೆ ಇಳಿಯುತ್ತದೆ. ಪಿಸ್ಟನ್ ಕೆಳಗಿದ್ದರೆ ಪೋರ್ಟುಗಳು (ಸಿಲಿಂಡರ್ ಗೋಡೆಯ ಕಿಂಡಿಗಳು) ತೆರೆದಿರುತ್ತವೆ, ಸುರಿದದ್ದೆಲ್ಲ ಸೈಲೆನ್ಸರಿಗೋ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯಾದ ಕ್ರ್ಯಾಂಕ್ ಕೇಸಿಗೋ ಹೋಗುತ್ತದೆ, ಸುಮ್ನೆ ದಂಡ. ಆಗ ಹೆಡ್ ಬಿಚ್ಚುವುದೇ ಸರಿ. ಹೆಡ್ ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು. ಬೋರಿನ ಗೋಡೆಗೆ ಹತ್ತಿದ ತುಕ್ಕನ್ನು ನಯವಾದ ಉಪ್ಪುಕಾಗದದಲ್ಲಿ ತೆಗೆದು, ಎಣ್ಣೆ ಹಚ್ಚಿ, ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ತಟ್ಟಬೇಕು, ಗುದ್ದಬಾರದು. ಕೂದಲೆಳೆಯಷ್ಟು ಕದಲಿದರೂ ಸಾಕು, ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ. ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸುವುದೂ ಒಂದು ಉಪಾಯ. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡು ಕಬ್ಬಿಣ, ಹೀಗಾಗಿ ಸಿಲಿಂಡರಿನ ಹೊರಮೈಗೆ ಬಿಸಿನೀರು ಹೊಯ್ದರೂ ಕೆಲವು ಸಲ ಹಿಡಿತ ಬಿಡುತ್ತದೆ.

ಎಂಜಿನ್ ತಿರುಗಿತು ಅಂತ ಇಟ್ಟುಕೊಳ್ಳಿ. ಇಲ್ಲಿಯೇ ಬಹಳ ಜನ ಕೈ ಸುಟ್ಟುಕೊಳ್ಳುವುದು. ತಿರುಗಿತಲ್ಲ, ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡೋಣ ಅಂತ ಹೊರಡುತ್ತಾರೆ. ಸ್ಟಾರ್ಟ್ ಆಗಲೂಬಹುದು. ಆದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಕ್ರ್ಯಾಂಕ್ ಕೇಸ್ ಗಾಳಿಯಾಡದ ಹಾಗೆ ಮುಚ್ಚಿರಬೇಕು, ಆ ಮುಚ್ಚುವ ಕೆಲಸ ಮಾಡುವುದು ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಆಯಿಲ್ ಸೀಲುಗಳು. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಅವು ಗಟ್ಟಿಯಾಗಿ ಹಪ್ಪಳದ ಹಾಗೆ ಆಗಿರುತ್ತವೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನು ಎಳೆದುಕೊಂಡು ಸುಡುತ್ತದೆ. ಗಾಡಿ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಗೇರ್ ಎಣ್ಣೆ ದಿನೇ ದಿನೇ ಕಡಿಮೆಯಾಗುವುದು, ಎರಡೂ ಕಂಡರೆ ಅನುಮಾನವೇ ಬೇಡ. ಬಲಗಡೆ, ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಅದಕ್ಕೇ ಅದು ಇನ್ನೂ ಅಪಾಯ. ಅಲ್ಲಿಂದ ಗಾಳಿ ಒಳಗೆ ನುಗ್ಗಿ ಪೆಟ್ರೋಲ್ ಗಾಳಿಯ ಮಿಶ್ರಣ ತೆಳುವಾಗುತ್ತದೆ, ಎಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೆ ಹೈವೇಯಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ.

ಹಾಗಾಗಿ ನನ್ನ ಸಲಹೆ, ಎಂಜಿನ್ ಹೇಗೇ ಇರಲಿ, ಪೂರ್ತಿ ಇಳಿಸಿ ಕೇಸನ್ನು ಎರಡು ಭಾಗ ಮಾಡಿಸಿ. ಬಣ್ಣಕ್ಕೆ, ಕ್ರೋಮಿಗೆ ಇಟ್ಟ ದುಡ್ಡನ್ನು ಇಲ್ಲಿ ಹಾಕಿ. ಎರಡು ಸೀಲು, ಮೇನ್ ಬೇರಿಂಗುಗಳು, ಎಲ್ಲ ಪ್ಯಾಕಿಂಗ್ ಹೊಸದು. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಆಟ ಒಂಚೂರೂ ಇರಬಾರದು, ಅಕ್ಕಪಕ್ಕ ಸ್ವಲ್ಪ ಆಡಿದರೆ ಪರವಾಗಿಲ್ಲ. ಕೆಳಗಿನ ಬೇರಿಂಗಿನಲ್ಲಿ ಕೆಂಪು ತುಕ್ಕು ಕಂಡರೆ ರಾಡ್ ಕಿಟ್ ಹಾಕಿಸಲೇಬೇಕು. ಜಾವಾ ಕ್ರ್ಯಾಂಕ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು, ಬಿಚ್ಚಿ ಜೋಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓಟ, ಅಂದರೆ ಕ್ರ್ಯಾಂಕ್ ಸೊಟ್ಟಗೆ ತಿರುಗುವುದನ್ನು, ಸರಿಪಡಿಸಬೇಕು. ಡಯಲ್ ಗೇಜ್ ಇಲ್ಲದೆ ತಾಮ್ರದ ಸುತ್ತಿಗೆಯಲ್ಲಿ ಕಣ್ಣಳತೆಯಲ್ಲಿ ಮಾಡಿಕೊಡ್ತೀನಿ ಅನ್ನುವವರ ಹತ್ತಿರ ಕ್ರ್ಯಾಂಕ್ ಬಿಡಬೇಡಿ. ಕೇಸಿಗೆ ಬೇರಿಂಗ್ ಕೂರಿಸುವಾಗ ಕೇಸನ್ನು ಬಿಸಿ ಮಾಡಿದರೆ ಬೇರಿಂಗ್ ತಾನಾಗಿ ಇಳಿಯುತ್ತದೆ. ಬಡಿಯುವ ಸದ್ದು ಕೇಳಿದರೆ ಅಲ್ಲಿ ಏನೋ ತಪ್ಪಾಗುತ್ತಿದೆ ಅಂತ ಅರ್ಥ. ಕ್ಲಚ್ ತೆಗೆಯುವುದಕ್ಕೂ ಪುಲ್ಲರ್ ಇದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕೇಸಿನ ಅಂಚು ಮುರಿದೇ ಮುರಿಯುತ್ತದೆ.

ಸಿಲಿಂಡರಿನ ಮೂಲ ಬೋರ್ 65 ಮಿ.ಮೀ. ರೀಬೋರ್ ಆದ ಹಾಗೆ ಪಿಸ್ಟನ್ ಕಾಲು ಕಾಲು ಮಿಲಿಮೀಟರ್ ದೊಡ್ಡದಾಗುತ್ತಾ ಹೋಗುತ್ತದೆ. ಮೊದಲು ಪಿಸ್ಟನ್ ಕೊಂಡುಕೊಳ್ಳಿ, ಆಮೇಲೆ ಆ ಪಿಸ್ಟನ್ನನ್ನೇ ಲೇತಿನವರ ಕೈಗೆ ಕೊಟ್ಟು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿಸಿ. ಉಲ್ಟಾ ಮಾಡಿದರೆ ಗ್ಯಾಪ್ ಎಂದೂ ಸರಿ ಬರುವುದಿಲ್ಲ. ಮನೆಗೆ ತಂದ ಮೇಲೆ ಪೋರ್ಟುಗಳ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಚೂಪಾಗಿದ್ದರೆ ವಾಪಸ್ ಕೊಟ್ಟು ಅಂಚು ಮೊಂಡು ಮಾಡಿಸಿ, ಇದನ್ನು ಎಷ್ಟೋ ಲೇತುಗಳಲ್ಲಿ ಮರೆಯುತ್ತಾರೆ, ಮರೆತರೆ ಹೊಸ ರಿಂಗ್ ಆ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತು ಇದ್ದರೆ ಅದು ಸೈಲೆನ್ಸರ್ ಕಡೆಗೆ ಮುಖ ಮಾಡಿರಬೇಕು.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಜಾವಾ ಮೆಕ್ಯಾನಿಕ್‌ಗಳು. ಮೈಸೂರಿನಲ್ಲಿ ಈ ಗಾಡಿಯಲ್ಲೇ ಜೀವನ ಕಳೆದವರು ಇನ್ನೂ ಇದ್ದಾರೆ, ಅವರ ಶೆಡ್ಡಿನ ಮೇಲಟ್ಟದಲ್ಲಿ ಏನಿಲ್ಲ ಏನುಂಟು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ, ಅವತ್ತು ಬೆಂಗಳೂರು, ಮೈಸೂರಿನಲ್ಲಿ ಗಾಡಿ ಮಾಲೀಕರೆಲ್ಲ ಸೇರುತ್ತಾರೆ. ಒಳ್ಳೇ ಸೀಲ್ ಯಾರ ಹತ್ತಿರ ಇದೆ ಅನ್ನೋದು ಅಲ್ಲಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಯಾವ ಅಂಗಡಿಗೆ ಹೋದರೂ ಹಳೇ ಭಾಗವನ್ನು ಕೈಯಲ್ಲಿ ಹಿಡಿದು ಹೋಗಿ. ಎ ಟೈಪ್, ಬಿ ಟೈಪ್, ರೋಡ್ ಕಿಂಗ್, ಕ್ಲಾಸಿಕ್ ಮಾಡೆಲ್‌ಗಳೆಲ್ಲ ನೋಡಲು ಒಂದೇ ಥರ ಕಂಡರೂ ಸಣ್ಣಪುಟ್ಟ ವ್ಯತ್ಯಾಸ ತುಂಬಾ ಇವೆ. ಇನ್ನೊಂದು, ಹಳೇ ಒರಿಜಿನಲ್ ಭಾಗ ಸವೆದಿದ್ದರೂ ಎಸೆಯಬೇಡಿ. ಇವತ್ತು ಬರುವ ಡೂಪ್ಲಿಕೇಟಿಗಿಂತ ಅದನ್ನೇ ರಿಪೇರಿ ಮಾಡಿಸಿದ್ದು ಎಷ್ಟೋ ಸಲ ಚೆನ್ನಾಗಿ ಕೂರುತ್ತದೆ. ಮಡ್‌ಗಾರ್ಡ್, ಟ್ಯಾಂಕ್ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ.

ಟ್ಯಾಂಕ್ ಒಳಗೆ ತುಕ್ಕು ಇದ್ದೇ ಇರುತ್ತದೆ. ಮೊದಲು ಸೋಪು ನೀರಿನಲ್ಲಿ ಹಳೇ ಪೆಟ್ರೋಲಿನ ಜಿಡ್ಡು ಪೂರ್ತಿ ತೊಳೆಯಿರಿ, ಜಿಡ್ಡಿನ ಮೇಲೆ ಯಾವ ಮದ್ದೂ ಕೆಲಸ ಮಾಡುವುದಿಲ್ಲ. ಆಮೇಲೆ ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಬೆರೆಸಿ ತುಂಬಿ ಒಂದು ರಾತ್ರಿ ಬಿಡಿ, ತುಕ್ಕು ಜಾಸ್ತಿ ಇದ್ದರೆ ಇನ್ನೊಂದು ರಾತ್ರಿ. ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ, ಅದು ತಗಡನ್ನೂ ತಿನ್ನುತ್ತದೆ, ಪಕ್ಕದ ಕ್ರೋಮನ್ನೂ ತಿನ್ನುತ್ತದೆ. ಖಾಲಿ ಮಾಡಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಡ ಮಾಡದೆ ಒಣಗಿಸಿ, ಸ್ವಲ್ಪ ಟೂಟಿ ಎಣ್ಣೆ (2ಟಿ, ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿದ ಪೆಟ್ರೋಲ್ ಹಾಕಿ ಅಲುಗಾಡಿಸಿ. ಒದ್ದೆ ಬಿಟ್ಟರೆ ಒಂದೇ ಗಂಟೆಯಲ್ಲಿ ಹೊಸ ತುಕ್ಕು ಹತ್ತುತ್ತದೆ.

ಸ್ಟ್ಯಾಂಡ್, ಬ್ರಾಕೆಟ್, ಬೋಲ್ಟುಗಳಂಥ ಕಬ್ಬಿಣದ ಸಾಮಾನಿಗೆ ನನಗೆ ಇಷ್ಟವಾದ ದಾರಿ ಕಾಕಂಬಿ. ಹೌದು, ಸಕ್ಕರೆ ಕಾರ್ಖಾನೆಯ ಕಾಕಂಬಿಯೇ. ದನದ ಮೇವಿಗೆ ಬೆರೆಸಲು ಮಾರುವುದು ಸಿಕ್ಕರೆ ಸಾಕು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ಮೂರು ವಾರ ಮುಳುಗಿಸಿಡಿ. ತುಕ್ಕು ಕರಗಿ ಹೋಗುತ್ತದೆ, ಒಳ್ಳೇ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ವಾಸನೆ ಮಾತ್ರ ಸಹಿಸುವಂಥದ್ದಲ್ಲ, ಮನೆಯವರು ಬೈದರೆ ಅದು ನಿಮ್ಮ ಕರ್ಮ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬೇಡಿ, ತಿಂದುಬಿಡುತ್ತದೆ.

ಕಾರ್ಬುರೇಟರ್ ಬಿಚ್ಚಿ, ಜೆಟ್ಟಿನ ತೂತಿಗೆ ಸೂಜಿ ಚುಚ್ಚದೆ, ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ಸ್ವಚ್ಛ ಮಾಡಿ. ಹಳೇ ಪೆಟ್ರೋಲ್ ಪೈಪು, ಕಾಕ್ (ಟ್ಯಾಂಕಿನ ಪೆಟ್ರೋಲ್ ನಲ್ಲಿ) ಒಳಗಿನ ವಾಷರ್ ಎಲ್ಲ ಬದಲಿಸಿ. ಈಗ ಬಂಕಿನಲ್ಲಿ ಬರುವುದು ಎಥನಾಲ್ ಬೆರೆತ ಪೆಟ್ರೋಲ್, ಆ ಕಾಲದ ರಬ್ಬರು ಅದಕ್ಕೆ ತಡೆಯುವುದಿಲ್ಲ.

ಕರೆಂಟಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಹಳೇ ಜಾವಾದಲ್ಲಿ 6 ವೋಲ್ಟ್ ಡೈನಮೋ, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್), ಕಾಯಿಲ್. ಕಿಡಿಗೆ ಬೇಕಾದ ಕರೆಂಟ್ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಸತ್ತಿದ್ದರೆ ನೀವು ಎಷ್ಟು ಕಿಕ್ ಹೊಡೆದರೂ ಅಷ್ಟೇ. ಮೊದಲು ಒಂದು ಒಳ್ಳೇ 6 ವೋಲ್ಟ್ ಬ್ಯಾಟರಿ ಕಟ್ಟಿ, ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಪಾಯಿಂಟಿನ ಮುಖ ಉಜ್ಜಿ, ಗ್ಯಾಪನ್ನು ಫೀಲರ್ ಗೇಜಿನಲ್ಲಿ 0.4 ಮಿ.ಮೀ.ಗೆ ತಂದು ನೋಡಿ. ಕಿಡಿ ಇದ್ದೂ ಪಾಯಿಂಟಿನ ನಡುವೆ ಜೋರಾಗಿ ಸಿಡಿಯುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಪ್ಲಗ್ ಗ್ಯಾಪ್ 0.6 ಸಾಕು. ಗಾಡಿ ಓಡುವಾಗ ಚಾರ್ಜ್ ಆಗದಿದ್ದರೆ ಡೈನಮೋದ ಕಾರ್ಬನ್ ಬ್ರಶ್, ಆಮೇಲೆ ಕಟೌಟ್ (ಡೈನಮೋ ಮತ್ತು ಬ್ಯಾಟರಿ ನಡುವಿನ ಸ್ವಿಚ್) ನೋಡಿ. ವೈರಿಂಗನ್ನು ತೇಪೆ ಹಚ್ಚುವ ಬದಲು ಪೂರ್ತಿ ಹೊಸದು ಹಾಕಿಸಿ. 12 ವೋಲ್ಟಿಗೆ ಬದಲಿಸಬೇಕಾ ಅನ್ನುವುದು ಜಗಳದ ವಿಷಯ. ರಾತ್ರಿ ಓಡಿಸುವವರು ಬದಲಿಸಿಕೊಳ್ಳಲಿ, ತಪ್ಪೇನಿಲ್ಲ, ಆದರೆ ಬಿಚ್ಚಿದ ಡೈನಮೋವನ್ನು ಗುಜರಿಗೆ ಹಾಕಬೇಡಿ.

ಬ್ರೇಕ್ ಲೈನರ್, ಕೇಬಲ್, ಟೈರ್, ಟ್ಯೂಬ್ ನೋಡಲು ಚೆನ್ನಾಗಿದ್ದರೂ ಎಲ್ಲ ಬದಲಿಸಿ. ಹಳೇ ಲೈನರಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿ ಡಬ್ಬಿಯ ಕೆಳಗೆ ಚಾಸಿಸ್ ಪೈಪನ್ನು ಆಸಿಡ್ ತಿಂದಿದೆಯಾ ಅಂತ ತಟ್ಟಿ ನೋಡಿ.

ಬಣ್ಣದ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಕಾರ್ಖಾನೆಯ ಮೆರೂನ್ ಬಣ್ಣ ಅರ್ಧವಾದರೂ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಪಾಲಿಶ್ ಹಾಕಿ, ಮೇಣ ಹಚ್ಚಿ, ಬಿಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಹಳೇ ಬಣ್ಣ ಒಂದು ಸಲ ಉಜ್ಜಿದರೆ ಹೋಯಿತು. ಹೊಡೆಸಲೇಬೇಕು ಅಂತಿದ್ದರೆ ಗಾಡಿ ಕೆಲವು ತಿಂಗಳು ಓಡಿದ ಮೇಲೆ ಹೊಡೆಸಿ, ಎಂಜಿನ್ ಮತ್ತೆ ಇಳಿಸುವ ಪ್ರಸಂಗ ಬಂದರೆ ಹೊಸ ಬಣ್ಣಕ್ಕೆ ಗೀರು ಬೀಳುವುದು ಖಂಡಿತ.

ಸ್ಟಾರ್ಟ್ ಮಾಡುವ ದಿನ ಗೇರ್ ಬಾಕ್ಸಿಗೆ ಹೊಸ ಎಣ್ಣೆ ತುಂಬಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಪೆಟ್ರೋಲಿಗೆ ಟೂಟಿ ಎಣ್ಣೆ ಬೆರೆಸಿ, ಹೊಸ ಬೋರ್ ಆದ್ದರಿಂದ ಮೊದಮೊದಲು ಲೀಟರಿಗೆ 50 ಎಂಎಲ್ ಇರಲಿ, ಪಳಗಿದ ಮೇಲೆ 40ಕ್ಕೆ ಇಳಿಸಬಹುದು. ಆಯಿಲ್ ಕಿಂಗ್ ಗಾಡಿಯಲ್ಲಿ ಎಣ್ಣೆ ಪಂಪ್ ಇದ್ದರೂ ಅಷ್ಟು ಹಳೇ ಪಂಪನ್ನು ನಂಬಬೇಡಿ, ಪೆಟ್ರೋಲಿಗೇ ಬೆರೆಸಿ. ಮೊದಲ 500 ಕಿಲೋಮೀಟರ್ ಪೂರ್ತಿ ಎಕ್ಸಿಲರೇಟರ್ ತಿರುಗಿಸಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತೂ ಓಡಿಸಬೇಡಿ. ಇಳಿಜಾರಿನಲ್ಲಿ ಇನ್ನೂ ಹುಷಾರು. ಚಾಮುಂಡಿ ಬೆಟ್ಟ ಇಳಿಯುವಾಗ ಎಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿರುವುದಿಲ್ಲ, ಪೆಟ್ರೋಲ್ ಜೊತೆಗೇ ಬರಬೇಕಾದ ಎಣ್ಣೆಯೂ ಇರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ಮನೆ ಹತ್ತಿರ ಬಂದಾಗ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದರಲ್ಲೇ ಗೇಟಿನ ತನಕ ಬನ್ನಿ, ಮುಂದಿನ ವಾರ ಜೆಟ್ ಬಿಚ್ಚುವ ಕೆಲಸ ತಪ್ಪುತ್ತದೆ.